ಎಡ್ಗರ್ ಟಿಂಡಲ್‌ನ ಹನ್ನೊಂದು ಗಂಟೆ

ಎಡ್ಗರ್ ಟಿಂಡಲ್‌ಗೆ ವಿಷಯ ಮೊದಲು ಗೊತ್ತಾದದ್ದು ಹುರಿದ ಮೀನಿನ ಅಂಗಡಿಯಲ್ಲಿ. ಆಲೂ ಚಿಪ್ಸಿನ ಮೇಲೆ ವಿನೆಗರ್ ಹಾಕುತ್ತ ಈಚೆಗಷ್ಟೇ ಊರಿಗೆ ಬಂದಿದ್ದ ಅಂಗಡಿಯ ಮೇವಿಸ್ ಹೇಳಿದಳು, "ನಿನ್ನ ಗೆಳೆಯ ಕ್ಲೆಮ್ ಗಣಿಯಲ್ಲಿ ಮಣ್ಣಡಿ ಹನ್ನೊಂದು ಗಂಟೆ ಸಿಕ್ಕಿಬಿದ್ದಿದ್ದನಂತಲ್ಲ! ಭಾನುವಾರ ಪಾರ್ಕಲ್ಲಿ ಹೇಳ್ತಿದ್ದ. ನನ್ನ ತಂಗಿ ಕೇಳಿ ಅತ್ತೇಬಿಟ್ಟಳು."

ಎಡ್ಗರ್ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದ. ಸಿಕ್ಕಿಬಿದ್ದಿದ್ದವನು ಕ್ಲೆಮ್ ಓಗ್ಲಿ ಅಲ್ಲ, ಸ್ವತಃ ಎಡ್ಗರ್. ೧೯೬೧ರ ಫೆಬ್ರವರಿಯಲ್ಲಿ ಸುರಂಗದ ಚಾವಣಿ ಕುಸಿದು, ಮೇಜಿನಡಿಯಷ್ಟು ಜಾಗದಲ್ಲಿ, ದೀಪ ಆರಿದ ಮೇಲೂ ಏಳು ಗಂಟೆ, ಒಟ್ಟು ಹನ್ನೊಂದು ಗಂಟೆ ಮಲಗಿದ್ದವನು ಅವನು. ಅದನ್ನು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ, ಹೆಂಡತಿ ಹಿಲ್ಡಾಗೂ ಇಲ್ಲ.

ನಮ್ಮ ಹ್ಯಾರೋಥಾರ್ಪ್ ಗಣಿ ಮುಚ್ಚಿ ಏಳು ವರ್ಷಕ್ಕೆ ಅದು ಪಾರ್ಕಾಯಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಡೆ ಕೆರೆ ಬಂತು. ನಾವು ಮೂರು ತಲೆಮಾರು ಹೊತ್ತು ಸುರಿದ ಕಪ್ಪು ದಿಬ್ಬದ ಮೇಲೆ ಹುಲ್ಲು ಹಬ್ಬಿ, ಬರ್ಚ್ ಗಿಡಗಳೆದ್ದು, ಷೆಫೀಲ್ಡಿನಿಂದ ಜನ ನಾಯಿ ಹಿಡಿದುಕೊಂಡು ಬರತೊಡಗಿದರು. ಪಾರ್ಕು ನೋಡಿಕೊಳ್ಳುವ ಜಿಲಿಯನ್ ಎಂಬ ಹುಡುಗಿ ಭಾನುವಾರದ ನಡಿಗೆ ಶುರುಮಾಡಿ, ಹಳೆಯ ಗಣಿಗಾರನೊಬ್ಬ ಜೊತೆಗೆ ನಡೆದು ಹಿಂದಿನದನ್ನು ಹೇಳಲಿ ಎಂದಾಗ, ಕೈ ಎತ್ತಿದವನು ಕ್ಲೆಮ್ ಒಬ್ಬನೇ.

ಮುಂದಿನ ಭಾನುವಾರ ಎಡ್ಗರ್ ಹೋಗಿ ಗುಂಪಿನ ಹಿಂದೆ ನಿಂತ. ಅರವತ್ತಮೂರಾದರೂ ಕ್ಲೆಮ್‌ಗೆ ಕೂದಲು ಒತ್ತಾಗಿತ್ತು. ಕೊರಳಿಗೆ ರೇಷ್ಮೆ ಕರವಸ್ತ್ರ ಬೇರೆ. ದಿಬ್ಬದ ತುದಿಯಲ್ಲಿ ನಿಂತು ಅವನು ದನಿ ತಗ್ಗಿಸಿದ. "ಕಣ್ಣು ಮುಚ್ಚಿದ್ರೂ ತೆರೆದ್ರೂ ಒಂದೇ ಕತ್ತಲು. ಪೈಪಿಗೆ ಕಲ್ಲು ಬಡೀತಾ ಇದ್ದೆ. ಟಕ್, ಟಕ್. ಯಾರಾದ್ರೂ ಕೇಳಿಸ್ಕೊಳ್ಳಿ ಅಂತ." ಹೆಂಗಸರು ಬಾಯಿಗೆ ಕೈ ಒಯ್ದರು. ಕಥೆ ಮುಗಿದಾಗ ಒಬ್ಬಳು ಅವನ ತೋಳು ಹಿಡಿದುಕೊಂಡಳು. ಆಮೇಲೆ ಕ್ಲೆಮ್ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಶುಂಠಿ ಕೇಕು ತಿಂದ. ಅದರ ಅಂಚಿನ ಕಡು ಕಂದು ಬಣ್ಣ ನೋಡಿದ್ದೇ ಅದು ಹಿಲ್ಡಾ ಮಾಡಿದ್ದೆಂದು ಎಡ್ಗರ್‌ಗೆ ಗೊತ್ತಾಯಿತು. ಅಂಚು ಸುಡುವ ಮನೆಯ ಆ ಒಲೆಯನ್ನು ರಿಪೇರಿ ಮಾಡಿದವನೇ ಅವನು.

"ನೀನು ಪಾರ್ಕಿನ ನಡಿಗೆಗೆ ಹೋಗಿದ್ಯಾ?" ಎಂದು ಮನೆಗೆ ಬಂದು ಕೇಳಿದ.

"ಮೂರು ಸಲ," ಎಂದಳು ಹಿಲ್ಡಾ. "ಚೆನ್ನಾಗಿ ಹೇಳ್ತಾನೆ."

"ಅದು ಅವನ ಕಥೆ ಅಲ್ಲ."

"ನಿನ್ನ ಬಾಯಿಂದ ನಾನು ಕೇಳೇ ಇಲ್ಲವಲ್ಲ. ಎಲ್ಲಾದ್ರೂ ಕೇಳೋಣ ಅಂತ ಹೋದೆ."

ಹಿಲ್ಡಾ ಮೊದಲು ಓಡಾಡುತ್ತಿದ್ದದ್ದು ಕ್ಲೆಮ್ ಜೊತೆ. ಎರಡು ಬೇಸಿಗೆ ಅವನ ಜೊತೆ ಕುಣಿದವಳು ಯಾಕೋ ಎಡ್ಗರ್‌ನನ್ನು ಮದುವೆಯಾದಳು. ಯಾಕೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕ್ಲೆಮ್ ಮದುವೆಯೇ ಆಗಲಿಲ್ಲ. ಮೂವತ್ತೈದು ವರ್ಷ ಒಂದೇ ಬೀದಿಯಲ್ಲಿದ್ದು ಇಬ್ಬರೂ ಗೆಳೆಯರೆನಿಸಿಕೊಂಡರು. ಆದರೆ ಕ್ಲೆಮ್ ಬಂದು ಕೂತಾಗಲೆಲ್ಲ ಹಿಲ್ಡಾ ಅವನ ಟೀಗೆ ಎಷ್ಟು ಸಕ್ಕರೆ ಹಾಕಿದಳೆಂಬುದು ಎಡ್ಗರ್ ಕಣ್ಣಿಗೆ ಬೀಳುತ್ತಲೇ ಇತ್ತು.

ಆ ವಾರವೆಲ್ಲ ಅವನಿಗೆ ಅನ್ನ ನೀರು ರುಚಿಸಲಿಲ್ಲ. ತನ್ನ ಕತ್ತಲು, ತನ್ನ ಪೈಪು, ತನ್ನ ಕಲ್ಲು. ಅದನ್ನು ಹೇಳಿಕೊಂಡು ಇನ್ನೊಬ್ಬ ತನ್ನ ಹೆಂಡತಿಯ ಕೇಕು ತಿನ್ನುತ್ತಾನೆ! ಗುರುವಾರ ಅವನು ಟ್ರಂಕಿನಿಂದ ಗಣಿಯ ಹಳೆಯ ಪತ್ರ ತೆಗೆದ. ಅಪಘಾತದ ದಿನಾಂಕ, ಅವನ ಹೆಸರು, ಮುರಿದ ಪಕ್ಕೆಲುಬು ಎಲ್ಲ ಅದರಲ್ಲಿತ್ತು. ಅದನ್ನು ಜಿಲಿಯನ್‌ಳ ಮೇಜಿನ ಮೇಲಿಟ್ಟು, "ಆ ಮನುಷ್ಯ ಸುಳ್ಳುಗಾರ," ಎಂದ.

ಅವಳು ಎರಡು ಸಲ ಓದಿದಳು. "ಮುಂಚೆ ಅವರ ಹತ್ರಾನೇ ಮಾತಾಡಬಹುದಿತ್ತಲ್ಲ, ಎಡ್ಗರ್ ಅವರೇ?" ಎಂದಳು. ಅವನು ಟೋಪಿ ಹಾಕಿಕೊಂಡು ಹೊರಟ. ಶನಿವಾರದೊಳಗೆ ಕ್ಲೆಮ್‌ನನ್ನು ನಡಿಗೆಯಿಂದ ಬಿಡಿಸಿದರು. ಊರಿಗೆಲ್ಲ ಗೊತ್ತಾಯಿತು. ಬೀದಿಯಲ್ಲಿ ಎದುರಾದಾಗ ಕ್ಲೆಮ್ ನಿಂತ.

"ನನ್ನ ಬಾಗಿಲು ನಿಮ್ಮ ಮನೆಯಿಂದ ನಾಲ್ಕನೇದು ಕಣೋ. ಬಂದು ಬೈದಿದ್ರೆ ಸಾಕಿತ್ತು."

"ಕದ್ದೋನಿಗೆ ಬೇರೆ ಮರ್ಯಾದೆ ಬೇಕಾ?"

"ಆ ಕಥೇನ ಮೂವತ್ತೈದು ವರ್ಷ ಬೀಳು ಬಿಟ್ಟಿದ್ಯಲ್ಲ, ನಿನಗೆ ಬೇಡ ಅಂತ ಅಂದ್ಕೊಂಡೆ," ಎಂದು ಕ್ಲೆಮ್ ಹೊರಟುಹೋದ.

ಈಗ ನಡಿಗೆ ಎಡ್ಗರ್‌ನ ಪಾಲಿಗೆ ಬಂತು. ಜಿಲಿಯನ್ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆ ಭಾನುವಾರ ಇಪ್ಪತ್ತು ಜನ ಬಂದಿದ್ದರು. ಹಿಂದೆ ಮಳೆಕೋಟು ಹಾಕಿಕೊಂಡು ಹಿಲ್ಡಾಳೂ ಇದ್ದಳು, ನಾನೂ ಇದ್ದೆ. ದಿಬ್ಬದ ತುದಿಯಲ್ಲಿ ಎಡ್ಗರ್ ಟೋಪಿ ತೆಗೆದು, "ಚಾವಣಿ ಬಿತ್ತು. ನಾನು ಒಳಗಿದ್ದೆ. ಹನ್ನೊಂದು ಗಂಟೆ ಆದ್ಮೇಲೆ ತೆಗೆದ್ರು," ಎಂದ. ಅಷ್ಟೇ. ಗಾಳಿ ಬೀಸಿತು. ಜನ ಕಾಲು ಬದಲಿಸಿದರು, ಒಬ್ಬ ಕೆರೆಯಲ್ಲಿ ಯಾವ ಮೀನಿದೆ ಎಂದು ಕೇಳಿದ. ಎಡ್ಗರ್‌ನ ಕಿವಿ ಕೆಂಪಾದದ್ದು ನನಗೆ ಕಂಡಿತು. ಕ್ಲೆಮ್ ಆಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಜನ ಅಳುತ್ತಿದ್ದರು.

ಆಗ ಲೀಡ್ಸ್‌ನಿಂದ ಬಂದಿದ್ದ, ಹಿಂದೆ ನರ್ಸ್ ಆಗಿದ್ದ ಹೆಂಗಸೊಬ್ಬಳು ಕೇಳಿದಳು: "ಅಷ್ಟು ಹೊತ್ತು ಒಬ್ರೇ ಇದ್ರಲ್ಲ. ಮನಸ್ಸಲ್ಲಿ ಏನಿತ್ತು? ದೇವರಾ?"

ಎಡ್ಗರ್ ಟೋಪಿಯನ್ನು ತಿರುಗಿಸಿದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಇಲ್ಲ. ಕ್ಲೆಮ್ ಓಗ್ಲಿ ಇದ್ದ. ನಾನು ಸತ್ರೆ ನನ್ನ ಹೆಂಡತಿ ಅವನನ್ನ ಕಟ್ಕೊಳ್ತಾಳೆ ಅಂತ. ಅವರಿಬ್ಬರೂ ಕುಣಿಯೋದು ಕಣ್ಣೆದುರಿಗೇ ಕಾಣ್ತಿತ್ತು. ನಿದ್ದೆ ಎಳೀತಿತ್ತು, ನಿದ್ದೆ ಮಾಡಿದ್ರೆ ಮುಗೀತು ಅಂತ ಗೊತ್ತಿತ್ತು. ಆದ್ರೆ ಅವನು ನನ್ನ ಕುರ್ಚಿಯಲ್ಲಿ ಕೂತು ನನ್ನ ಚಪ್ಪಲಿ ಮೆಟ್ಕೊಂಡಿರೋದು ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯೋದು. ಕಲ್ಲು ತಗೊಂಡು ಮತ್ತೆ ಪೈಪಿಗೆ ಬಡೀತಿದ್ದೆ. ಹನ್ನೊಂದು ಗಂಟೆ ಹಾಗೇ ಬಡಿದೆ. ಹೊಟ್ಟೆಕಿಚ್ಚಿಗೆ."

ಆ ನರ್ಸ್ ಮೆಲ್ಲನೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಹಿಲ್ಡಾ ಮಾತ್ರ ದಿಬ್ಬ ಇಳಿದು ಹೊರಟಿದ್ದಳು.

ಎಡ್ಗರ್ ಮನೆಗೆ ಹೋದಾಗ ಅವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು. ಮುಂದಿನದನ್ನು ಅವನೇ ನನಗೆ ಹೇಳಿದ್ದು.

"ನೀನು ಬದುಕಿ ಬಂದಿದ್ದಕ್ಕೆ ಪ್ರತಿ ಭಾನುವಾರ ಚರ್ಚಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳ್ತಿದ್ದೆ," ಎಂದಳು. "ಕ್ಲೆಮ್‌ಗೆ ಹೇಳಬೇಕಿತ್ತು ಅನ್ನು."

"ಹಿಲ್ಡಾ..."

"ಸುಮ್ನಿರು. ಅವತ್ತು ನಾನು ಗಣಿ ಬಾಗಿಲಲ್ಲಿ ನಿಂತಿದ್ದೆ. ಪಾಳಿ ಮುಗಿಸಿ ಮನೆಗೆ ಹೋಗಬೇಕಿದ್ದ ಕ್ಲೆಮ್ ನಿನ್ನನ್ನ ಅಗೆದು ತೆಗೆಯೋಕೆ ಇಳಿದ. ಮೂರು ಸಲ ಮೇಲೆ ಬಂದ. ಮೂರು ಸಲವೂ 'ಇನ್ನೂ ಬಡೀತಿದ್ದಾನೆ ಹಿಲ್ಡಾ, ಕೇಳಿಸ್ತಿದೆ' ಅಂತ ನನಗೆ ಹೇಳಿ ಮತ್ತೆ ಇಳಿದ. ಕೊನೇ ಸಲ ಅವನ ಬಲಗೈಯಲ್ಲಿ ಎರಡು ಉಗುರು ಇರಲಿಲ್ಲ."

ಅಗೆದವರಲ್ಲಿ ಕ್ಲೆಮ್ ಇದ್ದನೆಂದು ಎಡ್ಗರ್‌ಗೆ ಗೊತ್ತಿರಲಿಲ್ಲ. ಹೊರತೆಗೆದಾಗ ಅವನಿಗೆ ಎಚ್ಚರವಿರಲಿಲ್ಲ, ಆಮೇಲೆ ಆ ಮಾತೆತ್ತಲು ಅವನು ಯಾರಿಗೂ ಬಿಟ್ಟಿರಲೂ ಇಲ್ಲ. "ಇದನ್ನ ಯಾಕೆ ಹೇಳಲಿಲ್ಲ ನೀನು?"

"ಕ್ಲೆಮ್ ಹೆಸರೆತ್ತಿದ್ರೆ ನಿನ್ನ ಮುಖ ಹೇಗಾಗ್ತಿತ್ತು ಅಂತ ಕನ್ನಡಿಯಲ್ಲಿ ಯಾವತ್ತಾದ್ರೂ ನೋಡ್ಕೊಂಡಿದ್ಯಾ? ಹೇಳಿದ್ದೆ ಒಂದು ಸಲ. ಶುರು ಮಾಡಿದ್ದೆ. ನೀನು ಎದ್ದು ಹಿತ್ತಲಲ್ಲಿ ಸಾಕಿದ್ದ ಪಾರಿವಾಳಗಳ ಗೂಡಿಗೆ ಹೋದೆ."

ಅವನು ನಾಲ್ಕು ಬಾಗಿಲು ದಾಟಿ ಹೋದ. ಕ್ಲೆಮ್ ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ.

"ಕಥೆ ಸಿಕ್ಕಿತಲ್ಲ. ಇನ್ನೇನು ಬೇಕು?"

"ಅಗೆದ ಕಥೆ ನನಗೆ ಗೊತ್ತಿಲ್ಲ. ನೀನು ಅದನ್ನ ಯಾಕೆ ಹೇಳಲಿಲ್ಲ? ನನ್ನದನ್ನೇ ಯಾಕೆ ಹೇಳಿದೆ?"

ಕ್ಲೆಮ್ ಬಾಗಿಲ ಚೌಕಟ್ಟಿಗೆ ಬಲಗೈ ಊರಿದ. "ಅಗೆದೋನ ಕಥೆ ಯಾರಿಗೆ ಬೇಕು ಮಾರಾಯ? ಪೇಪರಲ್ಲಿ ಫೋಟೋ ನಿನ್ನದು. ಆಸ್ಪತ್ರೆಗೆ ಹೂವು ನಿನಗೆ. ಹಾಸಿಗೆ ಪಕ್ಕ ನಿನ್ನ ಕೈ ಹಿಡ್ಕೊಂಡು ಕೂತವಳು ಯಾರು? ನಾನು ಕೈಗೆ ಪಟ್ಟಿ ಕಟ್ಕೊಂಡು ಮಾರನೇ ದಿನ ಪಾಳಿಗೆ ಹೋದೆ. ಅವತ್ತಿಂದ ಅನ್ನಿಸ್ತಿತ್ತು, ಆ ಕಲ್ಲು ನನ್ನ ಮೇಲಾದ್ರೂ ಬೀಳಬಾರದಿತ್ತಾ ಅಂತ."

ಎಡ್ಗರ್‌ಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲವಂತೆ. ಇಷ್ಟು ವರ್ಷ ಉರಿದದ್ದು ತಾನೊಬ್ಬನೇ ಎಂದುಕೊಂಡಿದ್ದ. "ಭಾನುವಾರ ಬಾ," ಎಂದ. "ನನ್ನಷ್ಟು ಕೆಟ್ಟದಾಗಿ ಯಾರೂ ಹೇಳಲ್ಲ."

"ಅದನ್ನ ಮೇವಿಸ್ ಹೇಳಿದ್ಲು," ಎಂದು ಕ್ಲೆಮ್ ಬಾಗಿಲು ಹಾಕಿಕೊಂಡ.

ಆ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಎಡ್ಗರ್ ಎರಡು ತಿಂಗಳು ಒಬ್ಬನೇ ನಡೆದ. ಜಿಲಿಯನ್‌ಗೆ, ತಾನು ಆ ಪತ್ರ ತಂದ ರೀತಿ ಸರಿಯಿರಲಿಲ್ಲ ಎಂದು ಹೇಳಿ, ಊರವರ ಮುಂದೆಯೂ ಅದನ್ನೇ ಹೇಳಿದ. ಏಪ್ರಿಲ್‌ನಲ್ಲಿ ಒಂದು ದಿನ ಕ್ಲೆಮ್ ಗುಂಪಿನ ಕೊನೆಗೆ ಬಂದು ಸೇರಿಕೊಂಡ. ಎಡ್ಗರ್ ತನ್ನ ನಾಲ್ಕು ಮಾತು ಮುಗಿಸಿ, "ಹೊರಗಿನದನ್ನ ಇವನು ಹೇಳ್ತಾನೆ," ಎಂದು ಪಕ್ಕಕ್ಕೆ ಸರಿದ.

ಈಗ ಪ್ರತಿ ಭಾನುವಾರ ಇಬ್ಬರೂ ನಡೆಯುತ್ತಾರೆ. ಚಪ್ಪಾಳೆ ಕ್ಲೆಮ್‌ಗೇ ಹೆಚ್ಚು. ಆಗೆಲ್ಲ ಎಡ್ಗರ್ ದವಡೆ ಬಿಗಿಹಿಡಿದು ಕೆರೆಯ ಕಡೆ ನೋಡುತ್ತಾನೆ. ಕ್ಲೆಮ್‌ನ ಬಾಯಲ್ಲಿ ಅಗೆದವರ ಸಂಖ್ಯೆ ವಾರವಾರವೂ ಇಳಿಯುತ್ತಿದೆ. ಮೊನ್ನೆ ಅವನೂ ಇನ್ನೊಬ್ಬನೂ ಮಾತ್ರ ಉಳಿದಿದ್ದರು.

"ಒಂಬತ್ತು ಜನ ಕಣೋ," ಎಂದ ಎಡ್ಗರ್, ಎಲ್ಲರಿಗೂ ಕೇಳುವಂತೆ.

"ನಿನಗೆ ಎಚ್ಚರ ಎಲ್ಲಿತ್ತು ಎಣಿಸೋಕೆ?" ಎಂದು ಕ್ಲೆಮ್ ಮುಂದುವರಿಸಿದ.