ಒಂದೇ ಮರದ ಅಣಬೆ

ಬಿದ್ದ ಬೀಚ್ ಮರದ ಮೈತುಂಬ ಅಣಬೆ ಎದ್ದಿತ್ತು, ಒಂದರ ಬೆನ್ನಿಗೆ ಒಂದು. ಮಿನೇಕೊ ಒಂದನ್ನು ಕಿತ್ತು ಬುಡದಿಂದ ಸೀಳಿದಳು. ಒಳಗೆಲ್ಲ ಬಿಳುಪು. ವಿಷದ ಬೆಳದಿಂಗಳ ಅಣಬೆಯಾದರೆ ಬುಡದೊಳಗೆ ಮಸಿ ಬಿದ್ದಂಥ ಕಲೆ ಇರುತ್ತದೆ. ಇದು ಮುಕಿತಾಕೆ, ತಿನ್ನುವ ಅಣಬೆ. ಆದರೂ ಇನ್ನೊಂದಕ್ಕೆ ಕೈಹಾಕಿದಳು.

“ಎಲ್ಲಾದರ ಜಾತಕಾನೂ ನೋಡ್ತೀಯೇನೆ?” ಎಂದಳು ಗಂಡನ ಸೋದರತ್ತೆ ಹಾತ್ಸುಯೊ. “ಒಂದೇ ಮರದ್ದು ಕಣೆ. ಹೀಗೆ ಸೀಳ್ತಾ ಕೂತ್ರೆ ಸಾರಿಗೆ ಚೂರೇ ಗತಿ.”

“ಎರಡೂ ಒಂದೇ ಮರದಲ್ಲಿ ಏಳ್ತವಂತೆ, ಅತ್ತೆ.”

“ನಾನು ಈ ಬೆಟ್ಟದಲ್ಲಿ ಅಣಬೆ ಕೀಳೋವಾಗ ನಿಮ್ಮಮ್ಮಂಗೆ ಹಲ್ಲೇ ಬಂದಿರಲಿಲ್ಲ.”

ಮಿನೇಕೊ ಕೈಯಲ್ಲಿದ್ದುದನ್ನು ಸೀಳದೆಯೇ ಬುಟ್ಟಿಗೆ ಹಾಕಿದಳು. ಮದುವೆಯಾಗಿ ಬಂದವಳು ಬೆಟ್ಟದವರಿಗೆ ಬೆಟ್ಟ ತೋರಿಸುವುದು ಹೇಗೆ? ಅಣಬೆ ಹಂಚಿಕೊಂಡು ಇಬ್ಬರೂ ಇಳಿದರು.

ಮನೆಗೆ ಬಂದರೂ ಒಲೆ ಹಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಬೆಳದಿಂಗಳ ಅಣಬೆ ಕತ್ತಲಲ್ಲಿ ತಾನಾಗಿ ಬೆಳಗುತ್ತದೆ. ಹಾಸಿಗೆ ಇಡುವ ಗೂಡಿನೊಳಗೆ ಬುಟ್ಟಿಯೊಂದಿಗೆ ತೂರಿಕೊಂಡು ಬಾಗಿಲು ಸರಿಸಿದಳು. ಏನೂ ಕಾಣಲಿಲ್ಲ. ತನ್ನ ಪುಕ್ಕಲುತನಕ್ಕೆ ತಾನೇ ನಾಚಿ ಏಳಬೇಕೆನ್ನುವಾಗ ಮಂಡಿಯ ಹತ್ತಿರ ಕತ್ತಲು ಕೊಂಚ ತಿಳಿಯಾಯಿತು. ಕಣ್ಣು ಮುಚ್ಚಿ ತೆರೆದಳು. ಹಸಿರು ಬೆರೆತ ನಸುನೀಲಿ, ಉಗುರಿನಷ್ಟು. ಪಕ್ಕದಲ್ಲಿ ಇನ್ನೊಂದು. ನಡುವೆ ಕತ್ತಲು, ಅವು ಒಳ್ಳೆಯವು. ಆಚೆ ಮತ್ತೊಂದು. ಬುಟ್ಟಿಯ ತಳದಿಂದ ಯಾರೋ ಒಬ್ಬೊಬ್ಬರಾಗಿ ಕಣ್ಣು ಬಿಡುತ್ತಿದ್ದ ಹಾಗೆ.

ಅತ್ತೆ ಹೊತ್ತು ಮುಳುಗುವ ಮೊದಲೇ ಉಣ್ಣುವವಳು.

ಬರಿಗಾಲಲ್ಲೇ ಓಡಿದಳು. ಕತ್ತಲಾಗಿದ್ದರೂ ಅತ್ತೆಯ ಮನೆಯಲ್ಲಿ ದೀಪವಿರಲಿಲ್ಲ. ಮಿಸೊ ಸಾರಿನ ಘಮ ಬಾಗಿಲಿಗೇ ಬಂದಿತ್ತು, ಅದರಡಿಯಲ್ಲಿ ವಾಂತಿಯ ಹುಳಿ ವಾಸನೆ. ಗೋಡೆ ತಡವಿ ದೀಪ ಹಾಕಿದಳು. ಹಾತ್ಸುಯೊ ಸಾರಿನ ಪಾತ್ರೆಯ ಪಕ್ಕ ಮುದುಡಿ ಕೂತಿದ್ದಳು. ಬಟ್ಟಲು ಬರಿದಾಗಿತ್ತು.

“ಎಷ್ಟು ತಿಂದ್ರಿ, ಅತ್ತೆ?”

“ರುಚಿಯಾಗಿತ್ತು ಕಣೆ, ಇನ್ನೊಂದ್ಸಲಾನೂ ಹಾಕ್ಕೊಂಡೆ. ಮೊದಲು ದೀಪ ಹಾಕೇ.”

“ಹಾಕಿದೀನಿ.”

“ಸುಳ್ಳು ಹೇಳಬೇಡ. ದೀಪ ಇದ್ರೆ ಹೀಗೆ ಹೊಳೀತಿತ್ತಾ?” ಅವಳ ಕಣ್ಣು ಗೋಡೆ, ಪಾತ್ರೆ, ಚಾಪೆಗಳ ಮೇಲೆ ಹರಿದು ಮಿನೇಕೊಳ ಮುಖದಲ್ಲಿ ನಿಂತಿತು. “ಎಲ್ಲಾ ನೀಲಿ. ನೀನೂ.”

ಮಿನೇಕೊ ಆಂಬುಲೆನ್ಸಿಗೆ ಫೋನ್ ಮಾಡಿದಳು. ಊರಿನ ಹೆಸರು, ತಿಂದ ಅಣಬೆಯ ಹೆಸರು ಹೇಳಿದಳು. ಹೊರಟಿದ್ದೇವೆ, ಉಳಿದ ಸಾರು ಪರೀಕ್ಷೆಗೆ ಬೇಕು, ಚೆಲ್ಲಬೇಡಿ, ಎಂದರು. ಅತ್ತೆಯ ಬೆನ್ನು ಸವರಲು ಕೈ ಚಾಚಿದಳು. ದೀಪದ ಕೆಳಗೆ ಅವು ಬರಿಯ ಕೈಗಳೇ, ಉಗುರಿನಲ್ಲಿ ಕಾಡಿನ ಮಣ್ಣು. ಹಾತ್ಸುಯೊ ಮಾತ್ರ ಅವುಗಳಿಂದ ಹಿಂದಹಿಂದಕ್ಕೆ ಸರಿಯುತ್ತ ಗೋಡೆಗೆ ಆತುಕೊಂಡಳು.

“ಮುಟ್ಟಬೇಡ,” ಎಂದಳು ಮೆಲ್ಲಗೆ. “ಯಾರು ಅಂತ ಮೊದಲು ಹೇಳು.”