ರಾಗಿ ಕುಡಿದ ಲಾರಿ

ದೊಮ್ಮಲೂರಿನ ಏರು ಹತ್ತುವಷ್ಟರಲ್ಲಿ ಲಾರಿ ಮತ್ತೆ ಕಕ್ಕಿತು. ಮೂತಿಯಿಂದ ಬುಸ್ಸೆಂದು ಹಬೆ ಎದ್ದು, ತುಕ್ಕು ಬಣ್ಣದ ಬಿಸಿನೀರು ಮುಂದಿನ ಗಾಜಿಗೆಲ್ಲ ಎರಚಿ, ಪಕ್ಕದ ಕಿಟಕಿಯಿಂದ ಒಳಗೂ ಬಂದು ಗೋವಿಂದಮ್ಮನ ಸೀರೆಯ ಮೇಲೆ ಬಿತ್ತು. ಡ್ರೈವರ್ ನಜೀರ್ ಸಾಬರು ಇಳಿದರು, ಚಕ್ರಕ್ಕೆ ಕಲ್ಲು ಕೊಟ್ಟರು, ಡಬ್ಬ ಹಿಡಿದು ನೀರು ಹುಡುಕಿಕೊಂಡು ಹೋದರು. ಹಿಂದೆ ಬುಟ್ಟಿಗಳಲ್ಲಿ ಹುರುಳಿಕಾಯಿ, ಸೌತೆಕಾಯಿ, ದಂಟಿನ ಸೊಪ್ಪು. ಬಿಸಿಲು ಏರುತ್ತಿತ್ತು. ಗೋವಿಂದಮ್ಮ ಸೀರೆಯ ಮೇಲಿನ ಕೆಂಪು ಕಲೆಯನ್ನು ನೋಡಿಕೊಂಡಳು. ಅವಳಿಗೆ ಅಸಹ್ಯವಾಯಿತು. ಬಹಳ ದಿನದ ರೋಗಿಯ ವಾಂತಿ ಬಳಿದು ಬಳಿದು ಸಾಕಾದವರಿಗೆ ಆಗುವಂಥ ಅಸಹ್ಯ.

ಎರಡನೆಯ ಮಹಾಯುದ್ಧ ಮುಗಿದು ವರ್ಷ ಕಳೆದಿತ್ತು. ಗಂಡ ಮುನಿರಾಜಪ್ಪ ಯುದ್ಧಕ್ಕೆ ಮೊದಲು ಕೊಂಡಿದ್ದ ಲಾರಿ ಇದು. ಅವನು ಜ್ವರ ಬಂದು ತೀರಿಕೊಂಡ ಮೇಲೂ ಗೋವಿಂದಮ್ಮ ಅದನ್ನು ಮಾರಿರಲಿಲ್ಲ. ಕೋಳಿ ಕೂಗುವ ಮೊದಲೇ ಹಲಸೂರಿನ ಮನೆಯಿಂದ ಹೊರಟು, ದೊಡ್ಡನೆಕ್ಕುಂದಿ, ಮಾರತ್ತಹಳ್ಳಿಗಳ ತೋಟಗಳಲ್ಲಿ ತರಕಾರಿ ತುಂಬಿಸಿಕೊಂಡು, ದಂಡು ಪ್ರದೇಶದ ರಸೆಲ್ ಮಾರುಕಟ್ಟೆಗೆ ತಂದಿಳಿಸುವುದು ಅವಳ ಕಸುಬು. ಗಂಡನ ಗೆಳೆಯರಾಗಿದ್ದ ನಜೀರ್ ಸಾಬರು ಓಡಿಸುತ್ತಿದ್ದರು, ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಹೆಂಗಸು ಲಾರಿ ನಡೆಸುತ್ತಾಳಂತೆ ಎಂದು ಗಂಡಸರು ಮೊದಮೊದಲು ಆಡಿಕೊಂಡರು. ಸೊಪ್ಪು ಬಾಡುವ ಮೊದಲೇ ಮಾರುಕಟ್ಟೆ ಸೇರುತ್ತದೆ ಎಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡು ಬುಟ್ಟಿ ಏರಿಸಿದರು.

ಈಗ ಸೊಪ್ಪು ದಾರಿಯಲ್ಲೇ ಬಾಡುತ್ತಿತ್ತು. ಮಾರತ್ತಹಳ್ಳಿಯ ಇಬ್ಬರು ಆಗಲೇ ಎತ್ತಿನ ಗಾಡಿಗೆ ಮರಳಿದ್ದರು. ಉಳಿದವರೂ ಕೈಬಿಟ್ಟರೆ ಗೋವಿಂದಮ್ಮ ಯಾರದೋ ಮನೆಯ ಪಾತ್ರೆ ಉಜ್ಜಬೇಕು, ಇಲ್ಲವೇ ಮೈದುನನ ಹಂಗಿನಲ್ಲಿ ಬದುಕಬೇಕು. ಎರಡನ್ನು ನೆನೆದರೂ ಅವಳಿಗೆ ಮೈ ಉರಿಯುತ್ತಿತ್ತು.

ಮೊದಲು ಈ ಲಾರಿ ಹೀಗಿರಲಿಲ್ಲ. ಅದರ ರೇಡಿಯೇಟರಿಗೆ ಸೂಜಿಮೊನೆಯಷ್ಟು ತೂತು ಬಿದ್ದಿದ್ದು ನಿಜ. ಅದಕ್ಕೆ ನಜೀರ್ ಸಾಬರ ಹತ್ತಿರ ಮದ್ದಿತ್ತು. ಆಗಾಗ ಒಂದು ಹಿಡಿ ರಾಗಿ ಹಿಟ್ಟನ್ನು ನೀರಿಗೆ ಹಾಕಿಬಿಡುವುದು. ಹಿಟ್ಟು ಬಿಸಿನೀರಿನಲ್ಲಿ ಬೆಂದು ಗಂಜಿಯಾಗಿ, ತಾನೇ ಹೋಗಿ ತೂತಿನಲ್ಲಿ ಕೂತು ಗಟ್ಟಿಯಾಗುತ್ತಿತ್ತು. ಮನುಷ್ಯರಿಗೇ ರೇಷನ್ನಿನಲ್ಲಿ ಸಿಗುವ ರಾಗಿಯನ್ನು ಕಬ್ಬಿಣದ ಹೊಟ್ಟೆಗೆ ಸುರಿಯುವುದೇ ಎಂದು ಗೋವಿಂದಮ್ಮ ಗೊಣಗಿಕೊಂಡೇ ಮಡಕೆಯಿಂದ ಹಿಟ್ಟು ತೆಗೆದುಕೊಡುತ್ತಿದ್ದಳು. ಬೇಸಿಗೆಯಲ್ಲಿ ಲಾರಿಯ ಮೂತಿಯಿಂದ ಹುಳಿ ಅಂಬಲಿಯ ನಾತ ಹೊಡೆಯುತ್ತಿತ್ತು. ಮೂಗು ಮುಚ್ಚಿಕೊಂಡು ಕೂರುತ್ತಿದ್ದಳು. ಆದರೆ ಲಾರಿ ನಿಲ್ಲುತ್ತಿರಲಿಲ್ಲ.

ಗಂಡನ ತಮ್ಮ ಅಂಜನಮೂರ್ತಿ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದ. ಯುದ್ಧದ ಕಾಲದಲ್ಲಿ ಮಿಲಿಟರಿ ಕಂಟ್ರಾಕ್ಟರುಗಳಿಗೆ ದಲ್ಲಾಳಿಯಾಗಿದ್ದವನು, ಈಗ ಮಾರುಕಟ್ಟೆಯ ಸಾಹುಕಾರರಿಗೆ. ಬಿಳಿ ಜುಬ್ಬ, ತಲೆಗೆ ವಾಸನೆ ಎಣ್ಣೆ, ಉಗುರಿನಲ್ಲಿ ಒಂದು ಚೂರು ಕೊಳೆಯಿಲ್ಲ. ಹೆಂಡತಿ ತವರು ಸೇರಿ ವರ್ಷವಾಗಿದ್ದರಿಂದ ರಾತ್ರಿ ಊಟಕ್ಕೆ ಅತ್ತಿಗೆಯ ಮನೆಗೇ ಬರುತ್ತಿದ್ದ. ಹೆಂಗಸರೆಂದರೆ ಮೇಸ್ತ್ರಿಗಳು ತಲೆ ಬೋಳಿಸುತ್ತಾರೆ, ರಿಪೇರಿಯನ್ನೆಲ್ಲ ನನಗೆ ಬಿಡಿ ಎಂದು ಮುದ್ದೆ ಮುರಿಯುತ್ತ ಹೇಳಿದ. ಗೋವಿಂದಮ್ಮ ಬಿಟ್ಟಳು. ಅವನು ರಸೆಲ್ ಮಾರುಕಟ್ಟೆಯ ಹಿಂದೆ ತನಗೆ ಗೊತ್ತಿದ್ದ ಒಂದು ಶೆಡ್ಡಿಗೆ ಲಾರಿ ಬಿಡಿಸಿ, ಹಳೆಯ ರೇಡಿಯೇಟರ್ ತೆಗೆಸಿ ಬೇರೆಯದು ಹಾಕಿಸಿಕೊಟ್ಟ. ಅಂದಿನಿಂದ ರಿಪೇರಿಗೆ ಕೊನೆಯೇ ಇಲ್ಲವಾಯಿತು. ಡೈನಮೋ ಹೋಯಿತು ಎಂದ, ಬದಲಾಯಿಸಿದರು. ಗೇರ್‌ಬಾಕ್ಸು ಸವೆದಿದೆ ಎಂದ, ಅದನ್ನೂ ಬದಲಾಯಿಸಿದರು. ಪ್ರತಿ ಸಲ ಶೆಡ್ಡಿಗೆ ಹೋಗಿ ಬಂದ ಮೇಲೆ ಲಾರಿ ಇನ್ನಷ್ಟು ಮುದಿಯಾಗಿ ಬರುತ್ತಿತ್ತು. ಗೇರು ಬೀಳುವಾಗ ಯಾರೋ ಹಲ್ಲು ಕಡಿದಂತೆ ಸದ್ದು ಬರುತ್ತಿತ್ತು.

ಕೊನೆಗೆ ಒಂದು ರಾತ್ರಿ, ಇನ್ನು ಇದಕ್ಕೆ ಸುರಿಯುವುದು ದಂಡ ಎಂದು ಅವನೇ ಹೇಳಿದ. ದಂಡಿನವರು ಹರಾಜು ಹಾಕಿದ ಮಿಲಿಟರಿ ಲಾರಿಯೊಂದು ತನ್ನ ಕೈಗೆ ಬಂದಿದೆ, ಆ ಶೆಡ್ಡಿನಲ್ಲೇ ನಿಂತಿದೆ, ಬೇರೆ ಯಾರೇ ಆದರೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಾರೆ, ಅತ್ತಿಗೆಗಾಗಿ ಹಿಡಿದಿಟ್ಟಿದ್ದೇನೆ ಎಂದ. ದೊಡ್ಡನೆಕ್ಕುಂದಿಯಲ್ಲಿ ಗೋವಿಂದಮ್ಮನಿಗೆ ತಾಯಿ ಕೊಟ್ಟ ತುಂಡು ತೋಟವಿತ್ತು, ಕೆರೆಯ ಕೆಳಗೆ, ಬಾವಿ ಸಮೇತ. ಅದನ್ನು ಮಾರಿದರೆ ಲಾರಿ ಬರುತ್ತಿತ್ತು. ಕೊಳ್ಳುವವರನ್ನೂ ಅವನೇ ಹುಡುಕಿದ್ದ. ಎಷ್ಟು ಉಪಕಾರಿ ಮನುಷ್ಯ!

ಹಳೆಯದನ್ನು ಇನ್ನೂ ತೇಪೆ ಹಚ್ಚುವುದೋ, ತೋಟ ಮಾರಿ ಹೊಸದು ತರುವುದೋ ಎಂದು ಗೋವಿಂದಮ್ಮ ತಿಂಗಳಿಡೀ ತಲೆ ಕೆಡಿಸಿಕೊಂಡಿದ್ದಳು. ನಜೀರ್ ಸಾಬರನ್ನು ಕೇಳಿದಾಗ, ನಿಮ್ಮಿಷ್ಟ ಎಂದು ಹೇಳಿ ಬೀಡಿ ಹಚ್ಚಿಕೊಂಡಿದ್ದರು. ದೊಮ್ಮಲೂರಿನ ಏರಿನಲ್ಲಿ ಸೀರೆಯ ಕಲೆ ಉಜ್ಜುತ್ತ ಕೂತ ಆ ಬೆಳಿಗ್ಗೆ ಅವಳ ತಾಳ್ಮೆ ಮುಗಿಯಿತು. ತೋಟ ಹೋದರೆ ಹೋಗಲಿ, ಈ ದರಿದ್ರದ ಮುಖ ನೋಡುವುದು ತಪ್ಪಲಿ ಅನಿಸಿತು. ಬುಟ್ಟಿಗಳನ್ನು ಇಳಿಸಿದ ಮೇಲೆ ಸೀದಾ ಶೆಡ್ಡಿಗೆ ಬಿಡಿ ಎಂದು ನಜೀರ್ ಸಾಬರಿಗೆ ಹೇಳಿದಳು.

ಶೆಡ್ಡಿನ ನೆಲ ಎಣ್ಣೆ ಕುಡಿದು ಕಪ್ಪಗೆ ಅಂಟಂಟಾಗಿತ್ತು. ಗೋಡೆಯ ಬುಡದಲ್ಲೆಲ್ಲ ಎಲೆ ಅಡಿಕೆಯ ಉಗುಳು. ಮಾರುಕಟ್ಟೆಯ ಮಾಂಸದ ಸಾಲಿನಿಂದ ನೊಣಗಳು ಗುಂಪಾಗಿ ಬಂದು ಕೂರುತ್ತಿದ್ದವು. ಗೋವಿಂದಮ್ಮ ಸೆರಗನ್ನು ಮೂಗಿಗೆ ಹಿಡಿದು ನಿಂತಳು. ಮಿಲಿಟರಿ ಲಾರಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು, ಮುಟ್ಟಿದರೆ ಇನ್ನೂ ಅಂಟುತ್ತಿತ್ತು. ಬಾಗಿಲ ಮೇಲೆ ಬಣ್ಣದ ಅಡಿಯಿಂದ ಬಿಳಿ ನಕ್ಷತ್ರವೊಂದು ಮಸುಕಾಗಿ ಕಾಣುತ್ತಿತ್ತು. ನಮ್ಮ ಹಳೆಯ ಲಾರಿಯ ಜಾತಿಯದೇ, ಆದರೆ ಇದು ಸಿಪಾಯಿ ಎಂದು ಅಂಜನಮೂರ್ತಿ ಅದರ ಬೆನ್ನು ತಟ್ಟಿದ. ಮೇಸ್ತ್ರಿ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಎದ್ದು ಸಣ್ಣಗೆ ಗುರುಗುಟ್ಟತೊಡಗಿತು. ಅಷ್ಟು ನಯವಾದ ಸದ್ದು ಕೇಳಿ ಗೋವಿಂದಮ್ಮನಿಗೆ ಎಷ್ಟೋ ಕಾಲವಾಗಿತ್ತು. ಅವಳ ಮುಖ ಸಡಿಲವಾಯಿತು. ಮನಸ್ಸಿನಲ್ಲೇ ತೋಟವನ್ನು ಬಿಟ್ಟುಕೊಟ್ಟಳು.

"ಅಮೇರಿಕದವರು ಬಿಟ್ಟು ಹೋದದ್ದು ಅತ್ತಿಗೆ," ಎಂದ ಅಂಜನಮೂರ್ತಿ. "ನಮ್ಮ ರೋಡಲ್ಲಿ ನಾಲ್ಕು ದಿನಾನೂ ಓಡಿಲ್ಲ."

ಇಂಜಿನ್ ಓಡುತ್ತಲೇ ಇತ್ತು. ಅವನು ಹೊಗಳುತ್ತಲೇ ಇದ್ದ. ಇಷ್ಟು ಹೊತ್ತು ಓಡಿದರೂ ನೀರು ಕುದಿಯುವುದಿಲ್ಲ ಎಂದು ತೋರಿಸಲು ಮೇಸ್ತ್ರಿ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ನೀರು ಕುದಿದಿರಲಿಲ್ಲ, ಅದು ನಿಜ. ಆದರೆ ಬಾಯಿಯಿಂದ ಬೂದು ಬಣ್ಣದ ನೊರೆ ಮೆಲ್ಲಗೆ ಉಕ್ಕಿ ಬಂದು, ಹೊಸ ಹಸಿರು ಬಣ್ಣದ ಮೇಲೆ ಎಳೆ ಎಳೆಯಾಗಿ ಇಳಿಯಿತು. ಅದರ ಹಿಂದೆಯೇ ವಾಸನೆ ಬಂತು. ಎಣ್ಣೆ, ಬಣ್ಣ, ನೊಣ, ಉಗುಳು ಎಲ್ಲವನ್ನೂ ದಾಟಿಕೊಂಡು ಸೀದಾ ಗೋವಿಂದಮ್ಮನ ಮೂಗಿಗೇ ಬಂತು. ಹಳಸಿದ ಅಂಬಲಿ.

ಅವಳು ಸೆರಗು ಬಿಟ್ಟು ಹತ್ತಿರ ಹೋದಳು. ನೊರೆಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದಳು. ಜಿಗುಟಾಗಿತ್ತು. ಹುಟ್ಟಿದಂದಿನಿಂದ ರಾಗಿ ತೊಳಸಿದ ಕೈಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಮೂರ್ತಿ, ಅಮೇರಿಕದವರು ರಾಗಿ ಅಂಬಲಿ ಕುಡೀತಾರಾ?"

ಅವನು ನಕ್ಕ. "ಯಾವನೋ ಡ್ರೈವರ್ ಹಾಕಿರ್ತಾನೆ ಬಿಡಿ ಅತ್ತಿಗೆ."

"ನಾಲ್ಕು ದಿನಾನೂ ಓಡಿಲ್ಲ ಅಂದೆ."

ಮೇಸ್ತ್ರಿ ಇಂಜಿನ್ ನಿಲ್ಲಿಸಿ, ಏನೋ ಹುಡುಕುವವನಂತೆ ಶೆಡ್ಡಿನ ಮೂಲೆಗೆ ಹೋದ. ಅವಳು ನಜೀರ್ ಸಾಬರ ಕಡೆ ತಿರುಗಿದಳು. ಅವರು ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದರು.

"ಸಾಬ್ರೆ, ಇದು ನಮ್ಮ ರೇಡಿಯೇಟರಾ?"

ನಜೀರ್ ಸಾಬರು ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡರು. ಕೈಯಲ್ಲಿ ಒರೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

"ರೇಡಿಯೇಟರ್ ಒಂದೇ ಅಲ್ಲ ಅಕ್ಕ," ಎಂದರು. "ಡೈನಮೋ, ಗೇರ್‌ಬಾಕ್ಸು. ಎಲ್ಲ ನಮ್ಮದೇ."

ಹರಾಜಿನಲ್ಲಿ ಅಂಜನಮೂರ್ತಿ ಕೊಂಡದ್ದು ಹೊಟ್ಟೆ ಬಗೆದು ಖಾಲಿ ಮಾಡಿದ ಲಾರಿ. ಅದನ್ನು ಅವನು ಅತ್ತಿಗೆಯ ಲಾರಿಯಿಂದ ತುಂಬಿಸುತ್ತ ಬಂದಿದ್ದ. ಪ್ರತಿ ರಿಪೇರಿಗೂ ಗಟ್ಟಿಮುಟ್ಟಾದದ್ದು ಅವಳ ಲಾರಿಯಿಂದ ಇದಕ್ಕೆ ಬಂತು, ಯಾವ ಗುಜರಿಯದೋ ಅವಳದಕ್ಕೆ ಹೋಯಿತು, ಕೂಲಿಯನ್ನು ಅವಳೇ ಕೊಟ್ಟಳು. ಈಗ ತನ್ನ ಲಾರಿಯನ್ನೇ ತಾಯಿ ಕೊಟ್ಟ ತೋಟ ಮಾರಿ ಕೊಂಡುಕೊಳ್ಳಲು ಬಂದು ನಿಂತಿದ್ದಳು. ಇನ್ನೊಂದು ಗಳಿಗೆ ಮುಚ್ಚಳ ತೆಗೆಯದಿದ್ದರೆ ಕೊಂಡೂಬಿಡುತ್ತಿದ್ದಳು, ಉಪಕಾರವಾಯಿತು ಎಂದು ಕೈಮುಗಿದು.

ಅಂಜನಮೂರ್ತಿ ನಾಚಿಕೊಂಡಿದ್ದರೆ, ಸಿಟ್ಟಾಗಿದ್ದರೆ, ಇನ್ನೊಂದು ಸುಳ್ಳು ಹೇಳಿದ್ದರೂ ಅವಳು ಹೇಗೋ ಸಹಿಸುತ್ತಿದ್ದಳು. ಅವನು ಅದೇ ನಗುಮುಖದಲ್ಲಿ, ಮಗುವಿಗೆ ಬುದ್ಧಿ ಹೇಳುವವನಂತೆ ಹೇಳಿದ: "ಇದರಲ್ಲಿ ಕಳ್ಳತನ ಏನು ಬಂತು ಅತ್ತಿಗೆ? ಮನೇದು ಮನೇಲೇ ಇದೆಯಲ್ಲ." ಬಿಸಿಲಲ್ಲಿ ಬಂದಿದ್ದೀರಿ, ಟೀ ಕುಡಿಯಿರಿ ಎಂದು ಹೋಟೆಲಿನವನನ್ನು ಕೂಗಿದ.

ಗೋವಿಂದಮ್ಮ ಅವನ ಕೈ ನೋಡಿದಳು. ಚೊಕ್ಕಟವಾದ ಬೆರಳುಗಳು. ವರ್ಷವಿಡೀ ತನ್ನ ಮನೆಯ ಮುದ್ದೆ ಮುರಿದ ಬೆರಳುಗಳು. ಶೆಡ್ಡಿನ ನೆಲದ ಎಣ್ಣೆ, ಗೋಡೆಯ ಉಗುಳು ಅವನಿಗಿಂತ ಎಷ್ಟೋ ವಾಸಿ ಎನಿಸಿತು.

"ನಿಮಗೆ ಯಾವಾಗಿಂದ ಗೊತ್ತು?" ಎಂದು ನಜೀರ್ ಸಾಬರನ್ನು ಕೇಳಿದಳು.

ಅವರು ಮೊದಲಿನಿಂದಲೂ ಎಂದರು. ತಲೆಯೆತ್ತಿ ಅವಳ ಮುಖವನ್ನೇ ನೋಡಿದರು.

"ಹೇಳಿದ್ರೆ ನಂಬ್ತಿದ್ರಾ ಅಕ್ಕ? ಅವರು ನಿಮ್ಮ ಮೈದುನ. ನಾನು ಡ್ರೈವರು."

ನಂಬುತ್ತಿದ್ದೆ ಎನ್ನಲು ಅವಳು ಬಾಯಿ ತೆರೆದಳು. ಆದರೆ ನಂಬುತ್ತಿರಲಿಲ್ಲ. ಆ ರಾತ್ರಿಯೇ ಮುದ್ದೆ ಬಡಿಸುವಾಗ, ನಿನ್ನ ಮೇಲೆ ಸಾಬರು ಹೀಗೆ ಹೇಳುತ್ತಾರಪ್ಪ ಎಂದು ಮೂರ್ತಿಗೆ ಹೇಳಿಬಿಡುತ್ತಿದ್ದಳು. ಇಬ್ಬರೂ ನಕ್ಕುಬಿಡುತ್ತಿದ್ದರು. ಮರುದಿನ ಮೂರ್ತಿ ಹುಡುಕಿದ ಬೇರೆ ಡ್ರೈವರ್ ಬರುತ್ತಿದ್ದ. ಇಷ್ಟನ್ನೂ ನಜೀರ್ ಸಾಬರು ಮೊದಲೇ ಕಂಡಿದ್ದರು. ಕಂಡು ಸುಮ್ಮನೆ ಅವಳ ಪಕ್ಕ ಕೂತು, ಸವೆದ ಗೇರು ಹಾಕಿಕೊಂಡು, ದಿನವೂ ಹಲಸೂರಿನಿಂದ ದೊಡ್ಡನೆಕ್ಕುಂದಿಗೆ ಓಡಿಸಿದ್ದರು. ಅವಳ ತೋಟ ಹೋಗುತ್ತಿದ್ದರೂ ಬೀಡಿ ಹಚ್ಚಿಕೊಂಡಿದ್ದರು. ಅವಳಿಗೆ ಯಾರ ಮೇಲೆ ಹೇಸಿಗೆ ಪಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎಲ್ಲರ ಮೇಲೂ ಬಂತು, ತನ್ನನ್ನೂ ಬಿಡಲಿಲ್ಲ.

"ಬಿಚ್ಚಿ," ಎಂದಳು ಮೇಸ್ತ್ರಿಗೆ. "ನಮ್ಮದೆಲ್ಲ ಬಿಚ್ಚಿ ನಮ್ಮದಕ್ಕೆ ಹಾಕಿ. ಆಗೋವರೆಗೆ ನಾನು ಇಲ್ಲೇ ಕೂತಿರ್ತೀನಿ."

ಅಂಜನಮೂರ್ತಿ ಏನೋ ಹೇಳಲು ಬಂದ. ಅಡ್ಡ ಬಂದರೆ ಮಾರುಕಟ್ಟೆಯ ನಟ್ಟನಡುವೆ ನಿಂತು, ನಿನಗೆ ಸರಕು ನಂಬಿ ಕೊಡುವ ಒಬ್ಬೊಬ್ಬ ಸಾಹುಕಾರನಿಗೂ ಈ ಅಂಬಲಿಯ ಕಥೆ ಹೇಳುತ್ತೇನೆ ಎಂದಳು. ಅವನು ದಲ್ಲಾಳಿ, ಅವನ ಬಂಡವಾಳವೆಲ್ಲ ಜನರ ನಂಬಿಕೆಯೇ. ಭುಜ ಕುಣಿಸಿ, ಮೇಸ್ತ್ರಿಗೆ ತಲೆಯಾಡಿಸಿ, ನೊಣಕ್ಕೆ ಕೈ ಬೀಸುತ್ತ ಹೊರಟುಹೋದ. ಹೋಟೆಲಿನವನು ತಂದಿಟ್ಟ ಟೀ ಹಾಗೇ ಕೆನೆಗಟ್ಟಿತು.

ಕೆಲಸ ಒಂದೇ ದಿನಕ್ಕೆ ಮುಗಿಯಲಿಲ್ಲ. ಕತ್ತಲಾದಾಗ ಗೋವಿಂದಮ್ಮ ಮನೆಗೆ ಬಂದು ಒಲೆ ಹಚ್ಚಿದಳು. ನಂಬುತ್ತೀರೋ ಇಲ್ಲವೋ, ಅಂಜನಮೂರ್ತಿ ಊಟಕ್ಕೆ ಬಂದ. ಕಾಲು ತೊಳೆದು, ಎಂದಿನ ಮಣೆ ಹಾಕಿಕೊಂಡು, ಎಂದಿನ ಜಾಗದಲ್ಲಿ ಕೂತ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತು ಕಾದು ತಾನೇ ಬಡಿಸಿಕೊಂಡು ಉಂಡ. ಎರಡನೆಯ ಮುದ್ದೆಯನ್ನೂ ತೆಗೆದುಕೊಂಡ. ಅವನು ಹೋದ ಮೇಲೆ ಅವಳು ತಟ್ಟೆಯನ್ನು ಬೂದಿ ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ತಾನು ಮಾತ್ರ ಉಪವಾಸ ಮಲಗಿದಳು.

ಮರುದಿನವೂ ಹೋಗಿ ಶೆಡ್ಡಿನಲ್ಲಿ ಖಾಲಿ ಬುಟ್ಟಿ ಬೋರಲು ಹಾಕಿ ಕೂತಳು. ಮೇಸ್ತ್ರಿಯ ಜೊತೆ ನಜೀರ್ ಸಾಬರೂ ಲಾರಿಯ ಅಡಿ ತೂರಿ ಕೆಲಸ ಮಾಡಿದರು. ಯಾರೂ ಅವರನ್ನು ಕೇಳಿರಲಿಲ್ಲ. ಸಂಜೆ ಇಂಜಿನ್ ಎದ್ದಿತು. ಅದೇ ನಯವಾದ ಸದ್ದು. ಮುದಿಯಾಗಿದೆ, ಗುಜರಿಗೆ ಹಾಕಿ ಎಂದು ಊರೆಲ್ಲ ಹೇಳಿದ ಲಾರಿಗೆ ಯಾವ ರೋಗವೂ ಇರಲಿಲ್ಲ. ಬೆಳಗಿನ ಜಾವ ದೊಡ್ಡನೆಕ್ಕುಂದಿಗೆ ಹೋಗಬೇಕು, ಹೊತ್ತಿಗೆ ಮೊದಲೇ ಬುಟ್ಟಿಗಳನ್ನು ತರಬೇಕು, ಮಾರತ್ತಹಳ್ಳಿಯ ಆ ಇಬ್ಬರನ್ನು ಮತ್ತೆ ಕೇಳಬೇಕು. ಅದಕ್ಕೆ ಡ್ರೈವರ್ ಬೇಕು. ನಜೀರ್ ಸಾಬರನ್ನು ಬಿಟ್ಟರೆ ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ.

ಅವರು ಮುಂದಿನ ಬಾಗಿಲು ತೆರೆದು, ಅವಳು ಕೂರುವ ಜಾಗವನ್ನು ಹೆಗಲ ಬಟ್ಟೆಯಿಂದ ಒರೆಸಿ, ಪಕ್ಕಕ್ಕೆ ಸರಿದು ನಿಂತರು. ಗೋವಿಂದಮ್ಮ ಬಾಗಿಲ ತನಕ ಬಂದಳು. ಅಲ್ಲಿಂದ ಲಾರಿಯನ್ನು ಬಳಸಿ ಹಿಂದಕ್ಕೆ ಹೋದಳು. ಚಕ್ರದ ಮೇಲೆ ಕಾಲಿಟ್ಟು, ಸೀರೆ ಎತ್ತಿ ಕಟ್ಟಿ, ಹಲಗೆ ಹಿಡಿದು ಹತ್ತಿ ಬುಟ್ಟಿಗಳ ನಡುವೆ ಕೂತಳು.

ಲಾರಿ ಮಾರುಕಟ್ಟೆಯ ಸಂದಣಿ ದಾಟಿ ಹಲಸೂರು ಕೆರೆಯ ದಾರಿ ಹಿಡಿಯಿತು. ಬೀದಿಯವರು ಕತ್ತೆತ್ತಿ ನೋಡಿದರು. ಡ್ರೈವರನ ಬೆನ್ನ ಹಿಂದೆ, ಸರಕು ಕಾಣಲೆಂದು ಕೊರೆದ ಒಂದು ಕಿಂಡಿಯಿತ್ತು. ಕೆರೆಯ ತಿರುವಿನಲ್ಲಿ ನಜೀರ್ ಸಾಬರು ವೇಗ ತಗ್ಗಿಸಿ, ಅದರಿಂದ ಹಿಂದಕ್ಕೆ ತಿರುಗಿ ನೋಡಿದರು. ಗೋವಿಂದಮ್ಮ ಖಾಲಿ ಬುಟ್ಟಿಯೊಂದನ್ನು ಎಳೆದು ಕಿಂಡಿಗೆ ಅಡ್ಡ ಇಟ್ಟಳು.