ನಾಲ್ಕು ಕಾಲಿನ ಮೇಲೆ ನಿಂತ ತಗಡು

ನಾನು ಒಂದು ಚಾಸಿ. ನಾಲ್ಕು ಕಾಲಿನಲ್ಲಿ ನಡೆಯುವ ಒಂದು ಪುಟ್ಟ ಯಂತ್ರಕ್ಕೆ ಬೆನ್ನೂ ನಾನೇ, ಹೊಟ್ಟೆಯೂ ನಾನೇ. ಕಾಲುಗಳು ನನ್ನ ನಾಲ್ಕು ಮೂಲೆಗಳಿಗೆ ಕೂಡಿಕೊಂಡಿರುತ್ತವೆ. ಬ್ಯಾಟರಿ ನನ್ನ ನಡುವೆ ಕೂತಿರುತ್ತದೆ. ಯಂತ್ರ ನಡೆಯುವಾಗ ಜನ ಕಾಲುಗಳನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ, ನನ್ನನ್ನು ನೋಡುವವರು ಕಡಿಮೆ. ಆದರೆ ನಾನು ಬಾಗಿದರೆ ಆ ಕಾಲುಗಳು ಒಂದು ಗೇಣೂ ಮುಂದೆ ಹೋಗಲಾರವು. ಇದನ್ನು ಜಂಬ ಎನ್ನುವವರು ಎನ್ನಲಿ.

ನಾನು ಹುಟ್ಟಿದ್ದು ಗದಗಿನ ಬೆಟಗೇರಿಯಲ್ಲಿ. ಅದಕ್ಕೂ ಮೊದಲು ಒಂದು ಖಾನಾವಳಿಯ ಬೋರ್ಡಿನ ಭಾಗವಾಗಿದ್ದೆ. ಖಾನಾವಳಿ ಮುಚ್ಚಿದಾಗ ಅದರ ಅಲ್ಯೂಮಿನಿಯಂ ಬೋರ್ಡು ಗುಜರಿಗೆ ಬಂತು, ಗುಜರಿಯಿಂದ ಮೌನೇಶ ಬಡಿಗೇರರ ಅಂಗಡಿಗೆ ಬಂತು. ಮೌನೇಶರದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದರಲ್ಲಿ ಅವರದು ಎತ್ತಿದ ಕೈ. ಐವತ್ತೈದು ದಾಟಿದ ಮೇಲೆ ಅವರಿಗೆ ಒಂದು ಹುಚ್ಚು ಹಿಡಿಯಿತು. ಸುತ್ತುವ ಯಂತ್ರ ಸಾಕಷ್ಟು ಆಯಿತು, ಇನ್ನು ನಡೆಯುವ ಯಂತ್ರ ಒಂದು ಮಾಡಬೇಕು ಎಂದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಅದನ್ನೇ ಹಿಡಿದು ಕೂರುತ್ತಿದ್ದರು. ಹುಬ್ಬಳ್ಳಿಯಲ್ಲಿ ಹವ್ಯಾಸಿಗಳ ಯಂತ್ರಮೇಳ ಆಗುವುದಿತ್ತು. ಅಲ್ಲಿ ಅದನ್ನು ನಡೆಸಿ ತೋರಿಸಬೇಕೆಂಬುದು ಅವರ ಆಸೆ.

ನನಗಿಂತ ಮೊದಲು ಒಬ್ಬ ಅಣ್ಣ ಇದ್ದ. ಪ್ಲೈವುಡ್ಡಿನವನು, ಗಟ್ಟಿ ಆಸಾಮಿ. ಮೌನೇಶರು ಜೀವಮಾನವೆಲ್ಲ ಪಂಪಿನ ಮೋಟಾರು ಎತ್ತಿ ಇಳಿಸಿದವರು. ದಪ್ಪ ಇದ್ದದ್ದೇ ಬಾಳಿಕೆ ಬರುತ್ತದೆ ಎಂಬುದು ಅವರ ನಂಬಿಕೆ. ಅಣ್ಣನನ್ನು ಹೊರಲಾರದೆ, ಕಾಲಿಗೆ ಎರಡರಂತೆ ಇದ್ದ ಎಂಟು ಪುಟ್ಟ ಮೋಟಾರುಗಳು ಹೊರೆ ಹೆಚ್ಚಾದ ಎತ್ತಿನಂತೆ ಏದುಸಿರು ಬಿಟ್ಟವು, ಮುಟ್ಟಿದರೆ ಚುರ್ ಎನ್ನುವಷ್ಟು ಕಾದವು. ಎದ್ದು ನಿಲ್ಲುವುದು, ಮಂಡಿಯೂರುವುದು. ಇಷ್ಟೇ ಆಯಿತು.

ಇದನ್ನೆಲ್ಲ ಹಲಗೆಯ ಗೋಡೆಯ ಆಚೆಯಿಂದ ಒಬ್ಬಳು ನೋಡುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಹೆಂಗಸರ ಜಂಪರ, ರವಿಕೆ ಹೊಲಿಯುವ ದಾನವ್ವ. ಎಂಟನೇ ತರಗತಿಯಲ್ಲಿದ್ದಾಗ ತಾಯಿಯ ಕಣ್ಣು ಮಂಜಾಗಿ, ಶಾಲೆ ಬಿಟ್ಟು ತಾಯಿಯ ಹೊಲಿಗೆ ಯಂತ್ರದ ಮುಂದೆ ಕೂತವಳು. ಆಗ ಅವಳಿಗೆ ಇಪ್ಪತ್ತಮೂರು. ಮಾತು ಬಹಳ ಕಡಿಮೆ. ಗಿರಾಕಿ ಬೈದರೂ ಟೇಪಿನ ಅಂಕಿಗಳನ್ನೇ ನೋಡುತ್ತ ನಿಂತಿರುತ್ತಿದ್ದಳು. ಆದರೆ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಯಾವ ಭುಜ ಇಳಿದಿದೆ ಎಂಬುದು ದಾನವ್ವನಿಗೆ ಗೊತ್ತಾಗಿರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ಬಂದು ನಿಂತು, ಮೆಲ್ಲಗೆ ಹೇಳಿದಳು.

"ಕಾಕಾ, ಅದರ ಮೈ ಅದರ ಕಾಲಿಗೆ ಒಪ್ಪಂಗಿಲ್ರಿ."

ಮೌನೇಶರು ಕನ್ನಡಕ ಏರಿಸಿ ನೋಡಿದರು. "ಹಂಗಾದ್ರ ಅಳತಿ ನೀನ ತಗಿಯವಾ. ನೋಡೂನು."

ಅವರು ಅರ್ಧ ತಮಾಷೆಗೆ ಹೇಳಿದ್ದರು. ಅವಳು ಟೇಪು ತಂದಳು. ಮೋಟಾರು ಎಷ್ಟು ಅಗಲ, ಕಾಲು ಎಷ್ಟು ಬೀಸುತ್ತದೆ, ಬ್ಯಾಟರಿ ಎಷ್ಟು ಉದ್ದ ಎಲ್ಲ ಅಳೆದು ಖಾಕಿ ಕಾಗದದ ಮೇಲೆ ಸೀಮೆಸುಣ್ಣದಿಂದ ನನ್ನ ಮೊದಲ ಗೆರೆ ಎಳೆದಳು. ಜಂಪರ ಬಿಟ್ಟು ಬೇರೆ ಏನನ್ನಾದರೂ ಮಾಡು ಎಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತಾನು ಕತ್ತರಿಸಿದ್ದನ್ನೇ ಕಾಕಾ ಯಂತ್ರಕ್ಕೆ ಹಾಕಬೇಕು, ಅದೇ ಮೇಳದಲ್ಲಿ ನಡೆಯಬೇಕು. ಅವಳಿಗೆ ಬೇಕಾದದ್ದು ಇದೊಂದೇ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಗೆರೆ ಎಳೆಯುವ ಕೈಯ ಬಿಗಿಯಲ್ಲಿ ನನಗೆ ಅದು ತಿಳಿಯಿತು.

ಕಾಗದದ ಅಳತೆಗೆ ನನ್ನನ್ನು ಬೋರ್ಡಿನಿಂದ ಕತ್ತರಿಸಿದರು. ನನ್ನ ಹೊಟ್ಟೆಯ ಕೆಳಗೆ 'ಳಿ' ಎಂಬ ಕೆಂಪು ಅಕ್ಷರ ಪೂರ್ತಿಯಾಗಿ ಉಳಿಯಿತು. ನಾನು ಹಗುರವಾಗಿದ್ದೆ, ತೆಳ್ಳಗಿದ್ದೆ. ಕಾಲು ಕೂಡಿಸಿ ಮೌನೇಶರು ಗುಂಡಿ ಒತ್ತಿದರು. ನಾನು ಎದ್ದು ನಿಂತೆ! ಎರಡನೆಯ ಹೆಜ್ಜೆಗೆ ಠಣ್ ಎಂದಿತು. ಹಿಂದಿನ ಕಾಲು ನನ್ನ ಅಂಚಿಗೆ ಬಡಿದಿತ್ತು. ಮೂರನೆಯ ಹೆಜ್ಜೆಗೆ ಇನ್ನೊಂದು ಕಾಲು ಬಡಿಯಿತು. ಅಷ್ಟರಲ್ಲಿ ಬ್ಯಾಟರಿಯ ಭಾರಕ್ಕೆ ನನ್ನ ನಡು ಜೋಲಿಯಂತೆ ಇಳಿಯಿತು.

ಮೌನೇಶರು ಸ್ಕೇಲು ಹಿಡಿದು ನೋಡಿದರು. ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಇತ್ತು. ಯಾಕೆ ಎಂದು ಕೇಳಿದರು.

"ಹೊಲಿಗಿಗೆ ಬಿಟ್ಟೀನ್ರಿ," ಎಂದಳು ದಾನವ್ವ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಗಡಿಗೆ ಯಾರು ಹೊಲಿಗಿ ಹಾಕ್ತಾರವಾ? ನಾಳೆ ಮೈ ಬಂದ್ರ ಬಿಚ್ಚಿ ದೊಡ್ಡದು ಮಾಡಾಕ ಇದೇನು ಮದುವಿ ಜಂಪರ?"

ಬಟ್ಟೆ ಮುಟ್ಟಿದ ಕೈಗೆ ಅಂಚು ಬಿಡದೆ ಕತ್ತರಿಸುವುದು ಬರುವುದೇ ಇಲ್ಲ. ಹತ್ತು ವರ್ಷದ ರೂಢಿ ಅದು. ಎದುರಿನ ಬಳೆ ಅಂಗಡಿಯ ಮಾಬೂಬಿಗೆ ಈ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮೌನೇಶಣ್ಣನ ಯಂತ್ರಕ್ಕೆ ಕೊರಳು ಗುಂಡಗೆ ಇಡುತ್ತೀಯೋ ಚೌಕ ಇಡುತ್ತೀಯೋ ಎಂದು ಆಕೆ ಎರಡು ದಿನ ದಾನವ್ವನನ್ನು ಕಾಡಿದಳು.

ಅರ್ಧ ಇಂಚನ್ನು ಕತ್ತರಿಸಿ ಬಿಸಾಡುವುದೆಂದು ಮೌನೇಶರು ತಗಡಿನ ಕತ್ತರಿ ಎತ್ತಿಕೊಂಡರು. ಅದರ ಬಾಯಿ ನನ್ನ ಅಂಚಿಗೆ ತಾಗಿತು. ಕತ್ತರಿಸಿದರೆ ಕಾಲು ಬಡಿಯುವುದು ತಪ್ಪುತ್ತಿತ್ತು, ಆದರೆ ನನ್ನ ನಡು ಇನ್ನಷ್ಟು ಜೋಲುತ್ತಿತ್ತು. ಅದು ಅವರ ಗಮನಕ್ಕೆ ಬಂದಿರಲಿಲ್ಲ. ನನ್ನನ್ನೇ ದಿಟ್ಟಿಸುತ್ತ ನಿಂತಿದ್ದ ದಾನವ್ವ ಅವರ ಕೈ ಹಿಡಿಯಲಿಲ್ಲ. ನನ್ನ ಮೇಲೆ ತನ್ನ ಅಂಗೈ ಇಟ್ಟಳು.

"ಕತ್ತರಸಬ್ಯಾಡ್ರಿ, ಕಾಕಾ. ಪಟ್ಟಿ ಮಡಚ್ತೀನಿ."

ತೆಳ್ಳನೆಯ ಬಟ್ಟೆಯ ಅಂಚು ನಿಲ್ಲದೆ ಜೋತುಬಿದ್ದರೆ ಹೊಲಿಯುವವರು ಅದನ್ನು ಮಡಚಿ ಪಟ್ಟಿ ಕೊಡುತ್ತಾರೆ. ಮಡಚಿದ ಅಂಚು ನೆಟ್ಟಗೆ ನಿಲ್ಲುತ್ತದೆ. ಅವಳು ನನ್ನ ಮೂಲೆಗಳಲ್ಲಿ ಸಣ್ಣ ಕಚ್ಚು ಕತ್ತರಿಸಿದಳು, ಮಡಚುವಾಗ ಅಲ್ಲಿ ಮುದ್ದೆ ಕಟ್ಟಬಾರದಲ್ಲ. ಆಮೇಲೆ ಕಬ್ಬಿಣದ ಪಟ್ಟಿಯ ಅಂಚಿಗೆ ನನ್ನನ್ನು ಒತ್ತಿ ಹಿಡಿದು, ಮರದ ಸುತ್ತಿಗೆಯಿಂದ ಸುತ್ತಲೂ ಕೆಳಕ್ಕೆ ಮಡಚಿದಳು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬ್ಯಾಟರಿ ಹೇರಿದಾಗ ನಾನು ಕೂದಲೆಳೆಯಷ್ಟೂ ಬಾಗಲಿಲ್ಲ. ಕಾಲುಗಳು ಅಂಚಿಗೆ ತಾಗದೆ ಬೀಸಿದವು. ಮೌನೇಶರು ಹೆಬ್ಬೆರಳಿನಿಂದ ನನ್ನ ನಡುವನ್ನು ಒತ್ತಿದರು. ಮತ್ತೆ ಒತ್ತಿದರು. ಆಮೇಲೆ ಹೋಗಿ ಇಬ್ಬರಿಗೂ ಚಹಾ ಹೇಳಿ ಬಂದರು.

ಅಲ್ಲಿಂದ ಒಂದು ತಿಂಗಳು ನನ್ನನ್ನು ತಿದ್ದುವುದೇ ಕೆಲಸ. ಬ್ಯಾಟರಿಯನ್ನು ಎಲ್ಲಿಡಬೇಕು ಎಂದು ತಿಳಿಯಲು ದಾನವ್ವ ನನ್ನನ್ನು ದಾರದಲ್ಲಿ ತೂಗುಹಾಕಿ, ನಾನು ಯಾವ ಕಡೆಗೂ ವಾಲದೆ ನಿಲ್ಲುವವರೆಗೆ ಬ್ಯಾಟರಿಯನ್ನು ಎಳ್ಳಷ್ಟು ಎಳ್ಳಷ್ಟೇ ಸರಿಸಿದಳು. ಭಾರ ಹೊರದ ಕಡೆಗಳಲ್ಲಿ ದುಂಡಗೆ ತೂತು ಕೊರೆದು ನನ್ನ ತೂಕ ಇಳಿಸಿದಳು. ಮುಂದಿನ ಕಾಲುಗಳನ್ನು ಬೆರಳಗಲ ಹೊರಗೆ ಸರಿಸಿದ ಮೇಲೆ ನಾನು ತಿರುವಿನಲ್ಲಿ ಮುಗ್ಗರಿಸುವುದು ನಿಂತಿತು. ಪ್ರತಿ ಸಲವೂ ಅವಳು ನೆಲಕ್ಕೆ ಕೆನ್ನೆ ತಾಗಿಸಿ ನನ್ನ ನಡಿಗೆ ನೋಡುತ್ತಿದ್ದಳು. ಜನರ ಗದ್ದವನ್ನಷ್ಟೇ ಕಂಡು ಅಭ್ಯಾಸವಿದ್ದ ನನಗೆ ಎದುರಿಗೇ ಎರಡು ಕಣ್ಣು ಕಂಡದ್ದು ಆಗಲೇ.

ಮೇಳಕ್ಕೆ ಹತ್ತು ದಿನವಿರುವಾಗ ನನ್ನ ಎಡ ಮೂಲೆಯಲ್ಲಿ ಬಿರುಕು ಕಾಣಿಸಿತು. ತಪ್ಪು ದಾನವ್ವನದೇ. ಇಸ್ತ್ರಿ ಹಾಕಿದ ಗೆರೆಯಂತೆ ಚೂಪಾಗಿ ಮಡಚಿದ್ದಳು. ಬಟ್ಟೆ ಅದನ್ನು ಸಹಿಸುತ್ತದೆ, ಅಲ್ಯೂಮಿನಿಯಂ ಸಹಿಸುವುದಿಲ್ಲ. ಅದಕ್ಕೆ ತುಸು ದುಂಡಗಿನ ಮಡಿಕೆ ಬೇಕು. ಬಿರುಕು ದಿನಕ್ಕೊಂದು ನೂಲೆಳೆಯಷ್ಟು ಬೆಳೆಯುತ್ತಿತ್ತು. ಮೌನೇಶರು ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನು ಮಾಡಿ, ತಯಾರಾಗಿ ಸಿಗುವ ಚಾಸಿ ಒಂದನ್ನು ತರಿಸಿದರು. ಕಪ್ಪಗೆ ಮಿಂಚುವ ಪ್ಲಾಸ್ಟಿಕ್ಕಿನದು. ಡಬ್ಬಿಯೊಳಗೆ ಸ್ಪಂಜಿನ ಹಾಸಿಗೆಯ ಮೇಲೆ ಮಲಗಿತ್ತು. ಬಿರುಕಿಲ್ಲ, ಗೀರಿಲ್ಲ, ಹೊಟ್ಟೆಯ ಮೇಲೆ ಅಕ್ಷರವಿಲ್ಲ. ನನಗೆ ಅದನ್ನು ಕಂಡರೆ ಆಗಲಿಲ್ಲ.

ಡಬ್ಬಿ ಬಂದ ದಿನ ದಾನವ್ವ ಹೊಲಿಯುತ್ತಿದ್ದ ಜಂಪರವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಆಮೇಲೆ ಬಂದು, ಡ್ರಿಲ್ ಮಷೀನು ಕೇಳಿ, ಬಿರುಕು ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿ ಒಂದು ಪುಟ್ಟ ದುಂಡು ತೂತು ಕೊರೆದಳು. ಬಿರುಕು ಬಿಟ್ಟ ಕಡೆ ಇನ್ನೊಂದು ತೂತೇ ಎಂದು ಮೌನೇಶರು ತಲೆ ಅಲ್ಲಾಡಿಸಿದರು. ಮೇಳಕ್ಕೆ ಹೊರಡುವಾಗ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡರು.

ಆಯಿತವಾರ ಹುಬ್ಬಳ್ಳಿಯ ದೊಡ್ಡ ಸಭಾಂಗಣದಲ್ಲಿ ಮೇಳ. ಹದಿನೈದು ಅಡಿ ಉದ್ದದ ಹಲಗೆ, ಅದರ ನಡುವೆ ಒಂದು ತೆಂಗಿನ ನಾರಿನ ಚಾಪೆ, ಆಮೇಲೆ ಒಂದು ಸಣ್ಣ ಮೆಟ್ಟಿಲು. ಅದನ್ನು ದಾಟಬೇಕು. ನಡೆಸುವ ಮೊದಲು ಚಾಸಿ ಯಾಕೆ ಹೀಗಿದೆ ಎಂದು ಪರೀಕ್ಷಕರಿಗೆ ಹೇಳಬೇಕು. ಅಂಗಡಿಯಿಂದ ತಂದದ್ದಾದರೆ ತಂದದ್ದು ಎಂದರೆ ಸಾಕು.

ಮೇಜಿನ ಮೇಲೆ ನಾನು, ಪಕ್ಕದಲ್ಲಿ ಬಾಯಿ ತೆರೆದ ಡಬ್ಬಿ. ಮೌನೇಶರ ಕೈಯಲ್ಲಿ ಸ್ಕ್ರೂಡ್ರೈವರ್. ನಮ್ಮ ಸರದಿಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಅವರು ದಾನವ್ವನ ಕಡೆ ತಿರುಗಿದರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಕರೀದು ಹಾಕಿದ್ರ ಗ್ಯಾರಂಟಿ ನಡೀತೈತಿ. ಇದನ್ನ ಹಾಕಿದ್ರ ನಿನ್ನ ಹೆಸರು, ಮುರದ್ರೂ ನಿನ್ನ ಹೆಸರು. ಯಾವುದು ಹಾಕ್ಲಿ ಹೇಳು."

ಅವಳು ಸುಮ್ಮನೇ ಇದ್ದುಬಿಟ್ಟರೆ ಕಪ್ಪು ಚಾಸಿಯೇ ಹೋಗುತ್ತದೆ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅವಳು ಮತ್ತೆ ನನ್ನ ಮೇಲೆ ಅಂಗೈ ಇಟ್ಟಳು.

"ಇದನ್ನ ಹಾಕ್ರಿ."

"ಮುರದ್ರ?"

"ಮುರಿಯೂದಿಲ್ರಿ. ಸೀಳು ಚೂಪಿನ ತುದಿಯಿಂದ ಮುಂದ ಹೋಗ್ತೈತಿ. ತುದಿ ದುಂಡಗ ಮಾಡೀನಿ. ಇನ್ನ ಅದಕ್ಕ ಹೋಗಾಕ ದಾರಿ ಇಲ್ಲ."

ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೌನೇಶರು ಡಬ್ಬಿ ಮುಚ್ಚಿದರು.

ಪರೀಕ್ಷಕರು ನರೆಗೂದಲಿನ ಒಬ್ಬ ಅಮ್ಮ, ಇಂಜಿನಿಯರಿಂಗ್ ಕಲಿಸುವವರಂತೆ. ನನ್ನನ್ನು ಮಗುಚಿ 'ಳಿ' ನೋಡಿ ನಕ್ಕರು. ಅಂಚಿನ ಮೇಲೆ ಬೆರಳು ಆಡಿಸಿದಾಗ ನಗು ನಿಂತಿತು. ತೆಳ್ಳನೆಯ ತಗಡಿಗೆ ಬಲ ಬರುವುದು ಹೀಗೆಯೇ, ಇದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ ಎಂದರು. ಬಿರುಕಿನ ತುದಿಯ ತೂತನ್ನು ತೋರಿಸಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಮೌನೇಶರನ್ನು ಕೇಳಿದರು. ಮೌನೇಶರು ಬೇಕೆಂದೇ ಚಾವಣಿ ನೋಡುತ್ತ ನಿಂತರು.

"ಯಾರೂ ಇಲ್ರಿ," ಎಂದಳು ದಾನವ್ವ. "ನಾನ ಮಾಡೀನಿ. ಆ ಮಡಚಿದ ಅಂಚಿಗೆ ನಾವು ಪಟ್ಟಿ ಅಂತೀವ್ರಿ."

ಆಮೇಲೆ ನಾನು ನಡೆದೆ. ಚಾಪೆಯ ಮೇಲೆ ಒಂದು ಕಾಲು ನಾರಿಗೆ ಸಿಕ್ಕಿ ಎಳೆಯಿತು, ಬಿಡಿಸಿಕೊಂಡೆ. ಮೆಟ್ಟಿಲಿಗೆ ಮುಂಗಾಲು ಇಟ್ಟಾಗ ಇಡೀ ಭಾರ ಎಡ ಮೂಲೆಗೆ ಬಂತು. ಬಿರುಕು ಬಾಯಿ ತೆರೆಯಲು ನೋಡಿತು. ತೂತಿನ ತನಕ ಬಂದು ದಾರಿ ಕಾಣದೆ ನಿಂತಿತು. ನಾನು ಹಿಂಗಾಲು ಎತ್ತಿಟ್ಟೆ. ಹೊರಟದ್ದು ಹದಿನಾಲ್ಕು ಯಂತ್ರಗಳು, ಕೊನೆ ಮುಟ್ಟಿದ್ದು ಐದು. ಐದರಲ್ಲಿ ಎಲ್ಲರಿಗಿಂತ ನಿಧಾನವಾಗಿ ಬಂದವನು ನಾನೇ. ಬಹುಮಾನ ಬೇರೆಯವರಿಗೆ ಹೋಯಿತು. ಸೋಮವಾರ ಕಪ್ಪು ಚಾಸಿ ಮೈಗೆ ಗೀರೂ ಆಗದೆ, ಬಂದ ಡಬ್ಬಿಯಲ್ಲೇ ತನ್ನ ಅಂಗಡಿಗೆ ಹಿಂತಿರುಗಿತು.

ಮೂರು ವರ್ಷ ನಾನು ಚೆನ್ನಾಗಿ ದುಡಿದೆ. ಒಂದು ವರ್ಷ ಲಕ್ಕುಂಡಿಯ ಶಾಲೆಯೊಂದರ ವಿಜ್ಞಾನದ ಮೇಷ್ಟ್ರು ಒಯ್ದು ಇಟ್ಟುಕೊಂಡರು. ಅಲ್ಲಿ ಮಕ್ಕಳು ನನ್ನ ಬೆನ್ನಿನ ಮೇಲೆ ಪುಸ್ತಕ ಹೇರಿ ಎಷ್ಟು ಹೊರುತ್ತೇನೆ ಎಂದು ಪಂದ್ಯ ಕಟ್ಟುತ್ತಿದ್ದರು. ಹನ್ನೊಂದು ಪುಸ್ತಕ ಹೊತ್ತಿದ್ದೇನೆ. ತಿರುಗಿ ಬೆಟಗೇರಿಗೆ ಬರುವಷ್ಟರಲ್ಲಿ ಮೋಟಾರುಗಳ ಒಳಗಿನ ಚಕ್ರಗಳ ಹಲ್ಲು ಸವೆದಿದ್ದವು. ಕಾಲುಗಳನ್ನು ಬಿಚ್ಚಿದರು. ದಾನವ್ವ ನನ್ನ ತಪ್ಪುಗಳನ್ನೆಲ್ಲ ಬಿಟ್ಟು ಇನ್ನೊಂದು ಚಾಸಿ ಮಾಡಿದಳು. ಅದರ ಮಡಿಕೆ ದುಂಡಗಿದೆ, ತೂಕ ನನ್ನ ಮುಕ್ಕಾಲು ಪಾಲು. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದರೆ ಒಂದು ದಿನ ಆಯಿತು. ಅದು ಮೊದಲ ಸಲಕ್ಕೇ ಎಡವದೆ ನಡೆದಾಗ ಅದೂ ಹೋಯಿತು.

ಈಗ ನಾನು ಮೌನೇಶರ ಅಂಗಡಿಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಮಲಗಿದ್ದೇನೆ. ತಾಮ್ರದ ತಂತಿಯ ಮೂರು ಉರುಳೆಗಳನ್ನು ನನ್ನ ಮೇಲೆ ಇಟ್ಟಿದ್ದಾರೆ. ಮೊನ್ನೆ ಕೊಪ್ಪಳದಿಂದ ಒಬ್ಬರು ಬಂದು, ಆರು ಕಾಲಿನ ಯಂತ್ರಕ್ಕೆ ಚಾಸಿ ಮಾಡಿಕೊಡುತ್ತೀರಾ ಎಂದು ಮೌನೇಶರನ್ನು ಕೇಳಿದರು. ಅವರು ತಂತಿ ಸುತ್ತುವುದನ್ನು ನಿಲ್ಲಿಸದೆ, ಚಾಸಿ ಮಾಡುವವರು ತಾವಲ್ಲ ಎಂದರು. ಅಷ್ಟರಲ್ಲಿ ಹಲಗೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಈ ಕಡೆ ಬರ್ರಿ. ಕಾಲು ಎಷ್ಟು ಬೀಸ್ತಾವ ಮೊದಲ ಹೇಳ್ರಿ."

ದನಿ ಗಟ್ಟಿಯಾಗಿತ್ತು, ಬೀದಿಯವರೆಗೂ ಕೇಳಿಸಿತು. ಕೊಪ್ಪಳದವರು ಆ ಕಡೆಗೆ ಹೋದರು. ನಡೆಯುವುದು ನಿಂತಮೇಲೂ ತಗಡಿಗೆ ಕೆಲಸ ಇರುತ್ತದೆ. ಮೂರು ಉರುಳೆ ಎಂದರೆ ಹತ್ತು ಕಿಲೋ. ನಾನು ಬಾಗಿಲ್ಲ.